ಡುಬ್ರೊವ್ನಿಕ್‌ನಿಂದ ಕೋಟರ್‌ಗೆ ಒಂದೇ ದಿನದಲ್ಲಿ

ಪ್ರಶ್ನೆ: ಕ್ರೊಯೇಷಿಯಾದ ಡುಬ್ರೊವ್ನಿಕ್‌ನಿಂದ ಮಾಂಟೆನೆಗ್ರೋದ ಕೋಟರ್‌ಗೆ ಹೋಗಿ ಅದೇ ದಿನ ವಾಪಸ್ ಬರಬಹುದೇ?

ಉತ್ತರ: ಖಂಡಿತ ಬರಬಹುದು. ಮೊದಲು ನಿಮ್ಮ ವೀಸಾ ತೆಗೆದು ನೋಡಿ. ಕ್ರೊಯೇಷಿಯಾ 2023ರಿಂದ ಷೆಂಗೆನ್‌ನಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಮಾಂಟೆನೆಗ್ರೋ ಇಲ್ಲ. ಒಂದೇ ಸಲದ ಪ್ರವೇಶದ ವೀಸಾ ಆದರೆ ಸಂಜೆ ನಿಮ್ಮ ಹೋಟೆಲಿಗೇ ಮರಳಲಾಗದು! ಮಲ್ಟಿಪಲ್ ಎಂಟ್ರಿ ಬೇಕೇ ಬೇಕು.

ದಾರಿ ಸುಮಾರು 90 ಕಿ.ಮೀ. ಅಷ್ಟೇ. ಆದರೆ ಬೇಸಿಗೆಯಲ್ಲಿ ಗಡಿಯ ಸಾಲು ಜಾಸ್ತಿ. ನಾವು ಜುಲೈನಲ್ಲಿ ಹತ್ತು ಗಂಟೆಗೆ ಹೊರಟು ಎರಡು ಗಂಟೆ ಬಿಸಿಲಲ್ಲಿ ಕಾದೆವು, ಮಗಳು ಅತ್ತೇಬಿಟ್ಟಳು. ನೀವು ಬೆಳಗ್ಗೆ ಆರಕ್ಕೇ ಹೊರಡಿ. ಬಾಡಿಗೆ ಕಾರಾದರೆ ಗಡಿ ದಾಟಲು ಒಪ್ಪಿಗೆ ಮೊದಲೇ ಕೇಳಿ. ಎರಡೂ ಕಡೆ ಯೂರೋ ನಡೆಯುತ್ತದೆ.

ಬರುವಾಗ ಕೋಟರ್ ಕೊಲ್ಲಿಯ ಲೆಪೆಟಾನೆಯಿಂದ ಎದುರು ದಡದ ಕಾಮೆನಾರಿಗೆ ಫೆರ್ರಿ ಹಿಡಿಯಿರಿ. ಕೊಲ್ಲಿ ಸುತ್ತುವುದು ತಪ್ಪುತ್ತದೆ, ನೀರಿನ ನಡುವೆ ನಿಂತು ಬೆಟ್ಟಗಳನ್ನೂ ನೋಡಬಹುದು.