ಉ: ಗಡಿ ಯುದ್ಧದಿಂದ ಜನಕ್ಕೆ ಬರೀ ನಷ್ಟವೇನಾ?

ಮಧ್ಯಯುಗದ ಯುರೋಪಿನ ಗಡಿ ಜನಕ್ಕೆ ಲೂಟಿ, ಸಾವು ಬಿಟ್ಟು ಬೇರೇನಾದರೂ ಸಿಕ್ಕಿತಾ ಅಂತ ಕೇಳಿದ್ದೀರಿ. ಸಿಕ್ಕಿತು. ಸ್ಪೇನಿನ ಕಾಸ್ಟೀಲ್ ರಾಜ್ಯವನ್ನೇ ನೋಡಿ. ದುಯೆರೊ ನದಿಯ ದಕ್ಷಿಣಕ್ಕೆ, ಮುಸ್ಲಿಂ ರಾಜ್ಯಗಳ ಪಕ್ಕದಲ್ಲೇ ಹೋಗಿ ಮನೆ ಕಟ್ಟಿಕೊಳ್ಳಿ ಅಂದರೆ ಸುಮ್ನೆ ಯಾರು ಹೋಗ್ತಾರೆ? ಅದಕ್ಕೇ ರಾಜರು ಆಸೆ ತೋರಿಸಬೇಕಾಯಿತು. 1076ರಲ್ಲಿ ಆರನೇ ಅಲ್ಫೋನ್ಸೊ ಸೆಪುಲ್ವೆದಾ ಊರಿಗೆ ಕೊಟ್ಟ ಸನ್ನದಿನಲ್ಲಿ ಬೇರೆ ಕಡೆ ಕೊಲೆ ಮಾಡಿ ಓಡಿಬಂದವನಿಗೂ ರಕ್ಷಣೆ ಇತ್ತು!

ನನಗೆ ಜಾಸ್ತಿ ಇಷ್ಟವಾಗೋದು ಕುದುರೆಯ ವಿಷಯ. ಹುಟ್ಟಿನಿಂದ ರೈತನೇ ಆಗಿದ್ದರೂ ಸ್ವಂತ ಕುದುರೆ, ಆಯುಧ ಇಟ್ಟುಕೊಂಡು ದಾಳಿಗೆ ಹೊರಟರೆ ತೆರಿಗೆ ವಿನಾಯಿತಿ, ಕೊಳ್ಳೆಯಲ್ಲಿ ಕಾಲಾಳಿಗಿಂತ ದೊಡ್ಡ ಪಾಲು, ನಿಧಾನಕ್ಕೆ ಊರಿನ ಅಧಿಕಾರವೂ ಇಂಥವರ ಕೈಗೇ ಬಂತು. ಕುವೆಂಕಾ ಊರಿನ ಕಾನೂನಿನಲ್ಲಂತೂ ಕೊಳ್ಳೆ ಹಂಚುವ ಮೊದಲೇ ಗಾಯಗೊಂಡವರಿಗೆ, ಕುದುರೆ ಕಳೆದುಕೊಂಡವರಿಗೆ ಪರಿಹಾರ ಕೊಡಬೇಕಿತ್ತು. ಒಂಥರಾ ವಿಮೆ ಅಲ್ವಾ?

ಬೇಸಾಯಕ್ಕಿಂತ ಕುರಿ ಸಾಕಣೆ ಹೆಚ್ಚಾಗಿದ್ದಕ್ಕೂ ಗಡಿಯೇ ಒಂದು ಕಾರಣ. ಶತ್ರು ಬಂದರೆ ಕುರಿ ಹೊಡೆದುಕೊಂಡು ಓಡಬಹುದು, ಗೋಧಿ ಹೊಲ ಹೊತ್ತುಕೊಂಡು ಓಡೋಕಾಗಲ್ಲ.

ಹಾಗಂತ ಚೆನ್ನಾಗಿತ್ತು ಅನ್ನಬೇಡಿ. ಎರಡೂ ಕಡೆಯವರು ಹೆಂಗಸರು ಮಕ್ಕಳು ಅನ್ನದೆ ಸೆರೆ ಹಿಡಿದು ಮಾರುತ್ತಿದ್ದರು. ಹಣ ಕೊಟ್ಟು ಸೆರೆಯಾಳುಗಳನ್ನು ಬಿಡಿಸಿ ತರೋದೇ ಕೆಲವರ ಕಸುಬಾಗಿತ್ತು. ಗಡಿ ದಕ್ಷಿಣಕ್ಕೆ ಸರಿದ ಮೇಲೆ ಆ ಕುದುರೆ ರೈತರ ಮೊಮ್ಮಕ್ಕಳು ಊರಿನ ಸಾಹುಕಾರರಾಗಿ, ಹೊಸದಾಗಿ ಬಂದ ಬಡವರ ಮೇಲೇ ದರ್ಬಾರು ನಡೆಸಿದರು.