ಮೇ ತಿಂಗಳ ಆರತಕ್ಷತೆಗೆ ಕಲಬುರಗಿಯಲ್ಲಿ ಊಟ ಮತ್ತು ಪಾನೀಯಗಳನ್ನು ಹೇಗೆ ಆರಿಸಬೇಕು?

ಮೇ ಎರಡನೆಯ ವಾರ ಕಲಬುರಗಿಯ ಫಂಕ್ಷನ್ ಹಾಲ್ ಒಂದರಲ್ಲಿ ತಂಗಿಯ ಆರತಕ್ಷತೆ ಇದೆ, ಸಂಜೆ ಏಳರಿಂದ ಸುಮಾರು 600 ಜನ ಬರುತ್ತಾರೆ, ಕೇಟರಿಂಗ್‌ನವರು ಕೊಟ್ಟ ಸಸ್ಯಾಹಾರಿ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಪದಾರ್ಥಗಳಿವೆ, ಅದರಲ್ಲಿ ಏನನ್ನು ಉಳಿಸಿಕೊಳ್ಳಲಿ ಎಂದು ಕೇಳಿದ್ದೀರಿ. ನಾನು ವೃತ್ತಿಯಿಂದ ಅಡುಗೆಯವನಲ್ಲ. ಆದರೆ ನಮ್ಮ ಮನೆತನದ ಮದುವೆಗಳಲ್ಲಿ ಅಡುಗೆಯ ಉಸ್ತುವಾರಿ ಬಹಳ ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ, ಮಗಳ ಆರತಕ್ಷತೆಯನ್ನೂ ಇದೇ ಊರಿನಲ್ಲಿ, ಇಂಥದೇ ಬಿಸಿಲಿನಲ್ಲಿ ಮಾಡಿದ್ದೇನೆ.

ಪಟ್ಟಿಯನ್ನು ಸಿಹಿಯಿಂದ ಆರಂಭಿಸಬೇಡಿ, ಕುಡಿಯುವುದರಿಂದ ಆರಂಭಿಸಿ. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯ, ಸೂರ್ಯ ಮುಳುಗಿದ ಮೇಲೂ ಗೋಡೆಗಳು ಕಾವನ್ನು ಬಿಡುತ್ತಲೇ ಇರುತ್ತವೆ. ಸೇಡಂ, ಆಳಂದ, ಚಿತ್ತಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದಿಳಿಯುವ ಹಿರಿಯರಿಗೆ ಮೊದಲು ಬೇಕಾಗುವುದು ತಣ್ಣನೆಯ ನೀರು ಮತ್ತು ಒಂದು ಲೋಟ ಮಜ್ಜಿಗೆ. ತಲೆಗೆ 200 ಮಿಲಿಲೀಟರಿನ ಎರಡು ಲೋಟ ಎಂದು ಹಿಡಿದರೂ 240 ಲೀಟರ್ ಮಜ್ಜಿಗೆ ಬೇಕು. ಒಂದು ಪಾಲು ಮೊಸರಿಗೆ ಮೂರು ಪಾಲು ನೀರಿನ ಲೆಕ್ಕದಲ್ಲಿ 60 ಲೀಟರ್ ಮೊಸರು ಸಾಕಾಗುತ್ತದೆ. ಎಲ್ಲವನ್ನೂ ಒಮ್ಮೆಲೇ ಕಡೆದಿಟ್ಟರೆ ಒಂಬತ್ತು ಗಂಟೆಯ ಹೊತ್ತಿಗೆ ಹುಳಿಯಾಗುತ್ತದೆ, ಆದ್ದರಿಂದ ಎರಡು ಸಲ ಕಡೆಯಲು ಹೇಳಿ. ಅದರ ಜೊತೆಗೆ ಬೇಯಿಸಿದ ಮಾವಿನಕಾಯಿಯ ತಿರುಳಿಗೆ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸಿದ ಪಾನಕವಿದ್ದರೆ ಬಣ್ಣದ ಸೋಡಾ ಬಾಟಲಿಗಳ ಸಾಲನ್ನು ಧೈರ್ಯವಾಗಿ ಕೈಬಿಡಬಹುದು.

ಮಂಜುಗಡ್ಡೆಯ ವಿಷಯದಲ್ಲಿ ದಯವಿಟ್ಟು ಖುದ್ದಾಗಿ ನಿಂತು ನೋಡಿ. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಿಂದ ಕಡ್ಡಾಯ ಮಾಡಿದೆ. ಆದರೆ ಬಣ್ಣವಿಲ್ಲದ ಗಡ್ಡೆಯೆಲ್ಲ ಶುದ್ಧ ನೀರಿನದೇ ಎಂದು ನಂಬಿಬಿಡುವ ಹಾಗಿಲ್ಲ. ನಾನು ಮಜ್ಜಿಗೆಯ ಸ್ಟೀಲ್ ಪಾತ್ರೆಯನ್ನು ದೊಡ್ಡ ಬುಟ್ಟಿಯಲ್ಲಿಟ್ಟು ಸುತ್ತಲೂ ಮಂಜುಗಡ್ಡೆ ತುಂಬಿಸುತ್ತೇನೆ, ಲೋಟದೊಳಕ್ಕೆ ಒಂದು ತುಂಡೂ ಬೀಳದಂತೆ ನೋಡಿಕೊಳ್ಳುತ್ತೇನೆ.

ಸಿಹಿಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಸಂಬಂಧಿಕರ ಮನೆಯ ಒಂದು ಬೇಸಿಗೆ ಮದುವೆಯಲ್ಲಿ ಮಧ್ಯಾಹ್ನವೇ ತಂದಿಟ್ಟ ರಸಮಲಾಯಿ ರಾತ್ರಿಯವರೆಗೆ ತಂಪಿಲ್ಲದೆ ಉಳಿದಿತ್ತು, ರುಚಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನಸುಕಿನ ಹೊತ್ತಿಗೆ ಮದುಮಗನ ತಾಯಿಯೂ ಸೇರಿ ಹಲವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು, ಮರುದಿನದ ಪೂಜೆ ನಿಂತುಹೋಯಿತು. ಹಾಲು, ಖೋವಾದ ಪದಾರ್ಥಗಳಲ್ಲಿ ಬೆಳೆಯುವ ಕೆಲವು ರೋಗಾಣುಗಳು ಬಿಡುವ ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ ಎಂದು ಆಮೇಲೆ ವೈದ್ಯರು ತಿಳಿಸಿದರು. ಬಿಸಿ ಪದಾರ್ಥವು 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು; ನಮ್ಮ ಬೇಸಿಗೆಯಲ್ಲಿ ಇವೆರಡರ ನಡುವೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದ್ದುದನ್ನು ಬಡಿಸಬಾರದು. ಆದ್ದರಿಂದ ರಸಮಲಾಯಿ, ಬಾಸುಂದಿಗಳನ್ನು ಬಿಟ್ಟು, ಒಲೆಯ ಮೇಲೆ ಬಿಸಿಯಾಗಿಯೇ ಇರುವ ಗೋಧಿ ಹುಗ್ಗಿಯನ್ನು ತುಪ್ಪದೊಂದಿಗೆ ಬಡಿಸಿ. ಇನ್ನೊಂದು ಸಿಹಿ ಬೇಕೆನಿಸಿದರೆ ಶೇಂಗಾ ಹೋಳಿಗೆ ಇರಲಿ, ಅದು ಸುಲಭವಾಗಿ ಕೆಡುವುದಿಲ್ಲ. ಊಟದ ಕೊನೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಬೀಗರಿಗೆ ನಮ್ಮ ಜಿಲ್ಲೆಯ ಒಂದು ವಿಶೇಷವನ್ನು ಕೊಟ್ಟಂತಾಗುತ್ತದೆ.

ನೂಡಲ್ಸ್, ಪಾಸ್ತಾ, ಮಂಚೂರಿಯನ್‌ಗಳನ್ನು ತೆಗೆದುಹಾಕಿ, ಆ ಹಣವನ್ನು ಬಿಸಿ ರೊಟ್ಟಿಗೆ ಹಾಕಿ. ಜನ ಸಾಲುಗಟ್ಟಿ ನಿಲ್ಲುವುದು ರೊಟ್ಟಿ ಬಡಿಯುವ ಒಲೆಯ ಮುಂದೆಯೇ ಎಂಬುದನ್ನು ಪ್ರತಿ ಮದುವೆಯಲ್ಲೂ ಕಂಡಿದ್ದೇನೆ. ನನ್ನ ಅನುಭವದಲ್ಲಿ ಪಳಗಿದ ಒಬ್ಬ ಹೆಣ್ಣುಮಗಳು ಗಂಟೆಗೆ ಸುಮಾರು 40 ಜೋಳದ ರೊಟ್ಟಿ ಬಡಿಯುತ್ತಾಳೆ. ಆರು ಜನ ಮೂರು ಗಂಟೆ ಕುಳಿತರೆ ಸುಮಾರು 700 ರೊಟ್ಟಿಗಳಾಗುತ್ತವೆ. ಉಳಿದುದಕ್ಕೆ ಖಡಕ್ ರೊಟ್ಟಿಯನ್ನು ವಾರ ಮೊದಲೇ ಯಾವುದಾದರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಂದ ಮಾಡಿಸಿಡಿ. ಒಲೆಗಳನ್ನು ಗಾಳಿಯಾಡುವ ಕಡೆ ಹೂಡಿಸಿ, ಅವರಿಗೆ ಫ್ಯಾನು, ನೀರು, ನಡುವೆ ವಿರಾಮ ಸಿಗುವಂತೆ ನೋಡಿಕೊಳ್ಳಿ, ಕೂಲಿಯನ್ನು ಮಧ್ಯದವರ ಕೈಗೆ ಕೊಡದೆ ಅವರ ಕೈಯಲ್ಲೇ ಇಡಿ.

ರೊಟ್ಟಿಯ ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಸಾಕು. ಅನ್ನಕ್ಕೆ ಸಾರು ಮಾಡಿಸುವಾಗ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮದೇ ತೊಗರಿ ಬೇಳೆಯನ್ನು ತರಿಸಿ. ರೊಟ್ಟಿ ಇರುವ ಊಟಕ್ಕೆ 600 ಜನಕ್ಕೆ 50 ಕಿಲೋ ಅಕ್ಕಿ, 18 ಕಿಲೋ ಬೇಳೆ ನನಗೆ ಕಡಿಮೆ ಬಿದ್ದದ್ದಿಲ್ಲ. ತಿಂಡಿಗೆ ಬಿಸಿ ಮಿರ್ಚಿ ಭಜಿಯೊಂದೇ ಇರಲಿ, ಅದನ್ನು ಜನರ ಎದುರಿಗೇ ಕರಿಯಲಿ. ಈರುಳ್ಳಿ, ಸೌತೆಕಾಯಿಗಳನ್ನು ಮಧ್ಯಾಹ್ನವೇ ಹೆಚ್ಚಿಡಲು ಬಿಡಬೇಡಿ.

ನಮ್ಮ ಕಡೆಯ ಅಡುಗೆಯಲ್ಲಿ ನಾವೇ ಗಮನಿಸದ ಒಂದು ಸಂಗತಿಯಿದೆ. ಎಣ್ಣೆಗಾಯಿಯ ಮಸಾಲೆ, ಹಿಂಡಿ, ಹೋಳಿಗೆ ಎಲ್ಲದರಲ್ಲೂ ಶೇಂಗಾ ಇರುತ್ತದೆ, ಶೇಂಗಾ ಒಗ್ಗದವರಿಗೆ ಅದು ಪ್ರಾಣಾಪಾಯವನ್ನೂ ತರಬಹುದು. ಶೇಂಗಾ ಇರುವ ಪಾತ್ರೆಗಳ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿಸಿ, ಕಾಳಿನ ಪಲ್ಯ, ಸಾರು ಮತ್ತು ಹುಗ್ಗಿಗೆ ಶೇಂಗಾ ಸೇರದಂತೆ, ಅವುಗಳ ಸೌಟು ಬೇರೆಯಾಗಿರುವಂತೆ ಅಡುಗೆಯವರಿಗೆ ಮೊದಲೇ ಹೇಳಿ.

ಬಫೆ ಇಟ್ಟರೂ ನೂರು ಜನ ಕುಳಿತು ಉಣ್ಣುವಷ್ಟು ಪಂಕ್ತಿಯ ವ್ಯವಸ್ಥೆ ಬೇಕೇ ಬೇಕು, ಏಕೆಂದರೆ ಮೊಣಕಾಲು ನೋವಿನ ಹಿರಿಯರು ತಟ್ಟೆ ಹಿಡಿದು ನಿಲ್ಲಲಾರದೆ ಅರ್ಧ ಹೊಟ್ಟೆಯಲ್ಲೇ ಹೊರಟುಹೋಗುತ್ತಾರೆ. ಹಾಗೆಯೇ ರೊಟ್ಟಿಯವರು, ಬ್ಯಾಂಡಿನವರು, ಪೆಂಡಾಲಿನವರು, ಗಾಡಿ ಓಡಿಸಿಕೊಂಡು ಬಂದವರು ಎಂದು ಇನ್ನೊಂದು 60 ಊಟವನ್ನು ನಿಮ್ಮ 600ರ ಮೇಲೆ ಇಂದೇ ಸೇರಿಸಿಕೊಳ್ಳಿ. ಅವರ ಪಾಲಿನ ಪಲ್ಯ ಮತ್ತು ಹುಗ್ಗಿಯನ್ನು ಬಡಿಸಲು ಆರಂಭಿಸುವ ಮುನ್ನವೇ ಬೇರೆ ಪಾತ್ರೆಗೆ ತೆಗೆಸಿ, ಸಣ್ಣ ಉರಿಯ ಮೇಲೆ ಇಡಿಸಿ.