ತುಪ್ಪಳ ಉದುರುತ್ತಿರುವ ಬೈಸನ್‌ಗೆ ಕಾಯಿಲೆಯೇ?

ಅಮೆರಿಕದ ಸೌತ್ ಡಕೋಟಾ ರಾಜ್ಯದ ರಾಂಚ್ (ಜಾನುವಾರು ಸಾಕುವ ದೊಡ್ಡ ಹುಲ್ಲುಗಾವಲು) ಒಂದರಲ್ಲಿ ಏಪ್ರಿಲ್ ಕೊನೆಗೆ ಕಂಡ, ದನದ ಜಾತಿಯ ದೊಡ್ಡ ಕಾಡುಪ್ರಾಣಿಗಳಾದ ಬೈಸನ್‌ಗಳ ಮೈಮೇಲೆ ತುಪ್ಪಳ ಚಿಂದಿಚಿಂದಿಯಾಗಿ ನೇತಾಡುತ್ತಿತ್ತು, ತುಂಬಾ ಸೊರಗಿದ್ದವು, ಕಜ್ಜಿ ಹತ್ತಿದೆಯೇ ಅಂತ ಕೇಳಿದ್ದೀರಿ. ನೀವು ಬರೆದಿರುವುದನ್ನು ನೋಡಿದರೆ ಗಾಬರಿಪಡುವಂಥದ್ದು ಕಾಣುತ್ತಿಲ್ಲ.

ಚಳಿಗಾಲದ ದಪ್ಪ ಉಣ್ಣೆ ಉದುರುವ ಕಾಲವೇ ಇದು. ಸೊಂಟ, ಪಕ್ಕೆಗಳು ಬೋಳಾಗುತ್ತವೆ. ತಲೆ, ಭುಜ, ಮುಂಗಾಲುಗಳ ಉದ್ದ ಕೂದಲು ಹಾಗೇ ಉಳಿಯುತ್ತದೆ. ಅದಕ್ಕೇ ಅರ್ಧ ಕಂಬಳಿ ಹೊದ್ದಂತೆ ಕಾಣುವುದು. ನವೆಗೆ ಬೇಲಿ ಕಂಬಗಳಿಗೆ ಮೈ ಉಜ್ಜುತ್ತವೆ, ಮಣ್ಣಲ್ಲಿ ಹೊರಳುತ್ತವೆ. ಮುಳ್ಳುತಂತಿಗೆ ಸಿಕ್ಕಿಕೊಂಡ ಕಂದು ಎಳೆಗಳನ್ನು ಹಕ್ಕಿಗಳು ಗೂಡಿಗೆ ಒಯ್ಯುತ್ತವೆ. ಮತ್ತೆ ಹೋದರೆ ಖಂಡಿತ ಗಮನಿಸಿ.

ಸೊರಗುವುದೂ ಸಹಜವೇ. ಚಳಿಗಾಲದಲ್ಲಿ ಅವುಗಳ ಚಯಾಪಚಯ (ದೇಹ ಆಹಾರವನ್ನು ಶಕ್ತಿಯಾಗಿ ಬಳಸುವ ಕ್ರಿಯೆ) ನಿಧಾನವಾಗುತ್ತದೆ, ಮೇವು ಕಡಿಮೆ ತಿನ್ನುತ್ತವೆ. ತಲೆಯನ್ನು ಅತ್ತಿತ್ತ ಬೀಸಿ ಹಿಮ ಸರಿಸಿ, ಅಡಿಯಲ್ಲಿರುವ ಒಣಹುಲ್ಲು ಮೇದು, ಮೈಯಲ್ಲಿನ ಕೊಬ್ಬು ಕರಗಿಸಿಕೊಂಡೇ ವಸಂತ ತಲುಪುತ್ತವೆ. ಹಸಿರು ಚಿಗುರಿದ ಮೇಲೆ ಮೈ ತುಂಬಿಕೊಳ್ಳುತ್ತದೆ. ಎಳೆಹುಲ್ಲಲ್ಲಿ ನೀರಿನಂಶ ಜಾಸ್ತಿ, ಹಾಗಾಗಿ ಸಗಣಿ ತೆಳ್ಳಗಾಗಿದ್ದರೂ ಅದೊಂದನ್ನೇ ಕಂಡು ರೋಗ ಅನ್ನಬೇಡಿ.

ಒಂದೇ ಪ್ರಾಣಿ ದಿನಗಟ್ಟಲೆ ಹಿಂಡಿನಿಂದ ದೂರ ತಲೆ ತಗ್ಗಿಸಿ ನಿಂತಿದ್ದರೆ, ಅಥವಾ ಚರ್ಮದ ಮೇಲೆ ಹುಣ್ಣು, ಹಕ್ಕಳೆ ಕಂಡರೆ ಮಾಲೀಕರಿಗೆ ತಿಳಿಸಿ. ಈ ತಿಂಗಳುಗಳಲ್ಲಿ ಕರು ಹಾಕಲಿಕ್ಕೂ ಹೆಣ್ಣು ಪಕ್ಕಕ್ಕೆ ಸರಿಯುತ್ತದೆ. ಕೆಂಗಂದು ಕರು ಕಂಡರೆ ಫೋಟೋಗೆಂದು ಹತ್ತಿರ ಹೋಗಲೇಬೇಡಿ. ಬಾಲ ನೆಟ್ಟಗೆ ಎತ್ತಿದ ತಾಯಿ ಮೈಮೇಲೆ ಬರಲು ಸಿದ್ಧವಾಗಿರಬಹುದು, ಓಟದಲ್ಲಿ ಗಂಟೆಗೆ 50 ಕಿ.ಮೀ. ದಾಟುತ್ತದೆ. ಗಾಡಿಯಿಂದ ಇಳಿಯದೆ ನೋಡಿ.